ಐವತ್ತೆಂಟು ಪೌಂಡಿನ ಬಿಲ್ಲು

ಸಾಲ್ಟ್ ವೆಲ್ಸ್, ಅರಿಝೋನಾ
ಮೇ ೨೮, ೨೦೧೬

ರೋಂಡಾ,

ಬಿಲ್ಲು ಬಂದು ಸೇರಿತೆಂದು ನಿಮ್ಮಮ್ಮ ಗಾಡಿಮನೆಗಳ ಈ ಟ್ರೈಲರ್ ಪಾರ್ಕಿನ ಆಫೀಸಿಗೆ ಫೋನ್ ಮಾಡಿದ್ದಳಂತೆ. ಆಫೀಸಿನ ಹುಡುಗಿ ರಿಸೀವರನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದೇ ಮಾತಾಡಿದಳಂತೆ. ನನ್ನ ಅಕ್ಕನಿಗೆ ಎಂಬತ್ತು ಹತ್ತಿರ ಬಂದರೂ ಗಂಟಲು ಮಾತ್ರ ಇಪ್ಪತ್ತರಲ್ಲೇ ನಿಂತಿದೆ. ನನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವೆಂದು ನಿನಗೆ ಗೊತ್ತು. ಕಾಗದ ಬರೆ.

ನೀನು ಕೇಳಿದ್ದಕ್ಕೆ ಕಳಿಸಿದ್ದೇನೆ. ಬೇರೆ ಯಾರೂ ಕೇಳಲಿಲ್ಲ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಸೋದರಸೊಸೆಗೆ ಬೇಟೆಯ ಆಸೆ ಹುಟ್ಟಿದ್ದೇಕೆ ಎಂದು ನಾನು ವಿಚಾರಿಸುವುದಿಲ್ಲ. ಹುಟ್ಟಿತಲ್ಲ, ಅಷ್ಟು ಸಾಕು.

ಹಿಡಿಯ ಕೆಳಗೆ ಮಸಿಯಲ್ಲಿ ೫೮ ಎಂದು ಬರೆದಿದೆ, ನೋಡಿರುತ್ತೀಯ. ಹೆದೆಯನ್ನು ಕೆನ್ನೆಯವರೆಗೆ ಸೆಳೆಯಲು ಬೇಕಾದ ಬಲ ಅದು. ನೀನು ಹುಟ್ಟಿದ ಚಳಿಗಾಲದಲ್ಲಿ ಹಿಕರಿ ಮರದ ಒಂದು ಸೀಳಿನಿಂದ ಅದನ್ನು ಮಾಡಿದೆ. ಐವತ್ತೆಂಟು ಪೌಂಡು ಹೆಂಗಸಿಗೆ ಹೆಚ್ಚೇ. ಮೊದಲ ವಾರ ಬಾಣ ಹೂಡದೆ ಸೆಳೆದು ಮೆಲ್ಲಗೆ ಇಳಿಸು, ಆದರೆ ಬಾಣವಿಲ್ಲದೆ ಹೆದೆಯನ್ನು ಒಮ್ಮೆಲೇ ಬಿಡಬೇಡ, ಬಿಲ್ಲು ಸಿಡಿಯುತ್ತದೆ.

ಬಾಣಗಳನ್ನು ಕಳಿಸಿಲ್ಲ. ನಾನು ಮಾಡಿಕೊಂಡ ಸೀಡರ್ ಬಾಣಗಳು ಇಲ್ಲಿ ಮಂಚದ ಮೇಲಿನ ಗೋಡೆಯಲ್ಲಿ ನೇತಾಡುತ್ತಿವೆ. ಕಾಡು ಬಿಟ್ಟು ಬಂದ ಮನುಷ್ಯನಿಗೆ ಎದ್ದಕೂಡಲೇ ನೋಡಲು ಏನಾದರೂ ಬೇಕು. ನೀನು ರೇ ಪೆಲ್ಕೊಲಾನ ಅಂಗಡಿಯಲ್ಲಿ ಹೊಸದನ್ನು ಮಾಡಿಸಿಕೊ. ಬಿಲ್ಲಿನ ಅಂಕೆ ಹೇಳಿದರೆ ಅದಕ್ಕೆ ತಕ್ಕ ಬಾಣ ಕೊಡುತ್ತಾನೆ. ಉಳಿದ ಕಸವನ್ನೆಲ್ಲ ಮಾರಲು ಬಿಡಬೇಡ. ಮೈವಾಸನೆ ಮುಚ್ಚುವ ಎಣ್ಣೆಯಂತೆ, ಮರಕ್ಕೆ ಕಟ್ಟಿದರೆ ಜಿಂಕೆಯ ಫೋಟೋ ಫೋನಿಗೇ ಕಳಿಸುವ ಕ್ಯಾಮೆರಾವಂತೆ! ಜಿಂಕೆ ಎಲ್ಲಿದೆಯೆಂದು ಮನೆಯಲ್ಲೇ ಗೊತ್ತಾಗುವುದಾದರೆ ಕಾಡಿಗೆ ಹೋಗುವುದೇಕೆ? ಉಣ್ಣೆಯ ಕೋಟು, ಒಳ್ಳೆಯ ಚಾಕು, ಗಾಳಿ ಎತ್ತಲಿಂದ ಬೀಸುತ್ತಿದೆ ಎಂಬ ಅರಿವು. ಇಷ್ಟೇ.

ನಿಯಮ ಒಂದೇ. ಇಪ್ಪತ್ತು ಗಜದಲ್ಲಿ ಒಂದು ಕಾಗದದ ತಟ್ಟೆ ನಿಲ್ಲಿಸು. ಜಿಂಕೆಯ ಹೃದಯ, ಶ್ವಾಸಕೋಶ ಎರಡೂ ಸೇರಿ ಅಷ್ಟೇ ಅಗಲ. ಬತ್ತಳಿಕೆಯ ಆರು ಬಾಣಗಳೂ ತಟ್ಟೆಯಲ್ಲಿ ನಾಟುವವರೆಗೆ ಮರದ ಮೇಲಿನ ನನ್ನ ಅಟ್ಟಣೆ ಹತ್ತಬೇಡ. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬರುವ ಜನ ನಾವಲ್ಲ.

ಇನ್ನೊಂದು ಮಾತು. ದಿಣ್ಣೆಯ ಮೇಲಿನ ಆ ಅಟ್ಟಣೆಯನ್ನು ರೇ ಎರಡು ವರ್ಷದಿಂದ ಕೇಳುತ್ತಿದ್ದಾನೆ. ಅಕ್ಟೋಬರ್ ಒಂದಕ್ಕೆ, ಬೇಟೆ ಶುರುವಾಗುವ ದಿನಕ್ಕೆ, ನಮ್ಮ ಮನೆಯವರು ಯಾರೂ ಹತ್ತದಿದ್ದರೆ ಅದು ಅವನಿಗೇ ಎಂದು ಮಾತು ಕೊಟ್ಟಿದ್ದೇನೆ. ಅವನದು ಯಂತ್ರದಂಥ ಚಕ್ರದ ಬಿಲ್ಲು.

ಆರ್ವಿಡ್ ಮಾಮ

*

ಲಾಹ್ತಿ ಬೇ, ಮಿಷಿಗನ್
ಜೂನ್ ೧೯, ೨೦೧೬

ಪ್ರೀತಿಯ ಮಾಮ,

ಸೆಳೆದೆ! ಹತ್ತು ದಿನ ಬೇಕಾಯಿತು. ಮೊದಲ ದಿನ ಅರ್ಧಕ್ಕೇ ತೋಳು ನಡುಗಿತು, ಈಗ ಹೆದೆ ಕೆನ್ನೆ ಮುಟ್ಟುತ್ತದೆ. ರಸ್ತೆ ಇಲಾಖೆಯ ನಮ್ಮ ಆಫೀಸಿನಲ್ಲಿ ಹಿಮ ಗುಡಿಸುವ ಲಾರಿಗಳ ಚಾಲಕರ ಮುಂದೆ ಹೇಳಿದೆ, "ಐವತ್ತೆಂಟು ಪೌಂಡು." ಅವರು ನಂಬಲಿಲ್ಲ. ತೋಳು ಮಡಚಿ ತೋರಿಸಿದೆ. ಇಪ್ಪತ್ತು ವರ್ಷದಿಂದ ಬಿರುಗಾಳಿಯಲ್ಲಿ ಅವರನ್ನು ಹೊರಗೆ ಕಳಿಸಿ ನಾನು ಹೀಟರಿನ ಪಕ್ಕ ಕೂತು ರೇಡಿಯೋದಲ್ಲಿ ಮಾತಾಡಿದ್ದೇನೆ. ನೀವು ಕಾರಣ ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಮ್ಮೆಯಾದರೂ ನಾನೇ ಹೊರಗೆ ಹೋಗಬೇಕು ಅನಿಸಿತು. ಇದು ಬೇಟೆಗೆ ಸಾಕಾಗುವಷ್ಟು ಕಾರಣವೋ ಅಲ್ಲವೋ ನನಗಿನ್ನೂ ಸ್ಪಷ್ಟವಿಲ್ಲ.

ಗುರಿಯದು ಬೇರೆ ಕಥೆ. ಬಾಣಗಳೆಲ್ಲ ಎಡಕ್ಕೆ ಹೋಗುತ್ತಿವೆ. ಒಂದೂ ಬಲಕ್ಕಿಲ್ಲ, ಮೇಲಿಲ್ಲ, ಕೆಳಗಿಲ್ಲ. ತಟ್ಟೆಯ ಎಡಗಡೆ ಒಂದು ಗೇಣು ದೂರದಲ್ಲಿ, ಮಾತಾಡಿಕೊಂಡು ಬಂದವರ ಹಾಗೆ ಒಟ್ಟಿಗೆ ನಾಟುತ್ತವೆ.

ಅಮ್ಮ ಹಬೆಸ್ನಾನದ ಸೌನಾ ಮನೆಯ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತು ನೋಡುತ್ತಾಳೆ. "ತಟ್ಟೇನೇ ಆ ಕಡೆ ಸರಿಸಿ ಇಡಬಾರದೇನೆ?" ಎಂದಳು ನಿನ್ನೆ. ರೇ ಟ್ರಕ್ ನಿಲ್ಲಿಸಿಕೊಂಡು, "ಅಲ್ವೇ ರೋಂಡಾ, ನಿಮ್ಮ ಹಿತ್ತಲು ವಾಲಿದೆಯೋ ನೀನೇ ವಾಲಿದೀಯೋ? ಆರ್ವಿಡ್ ಮಾಮನ ಅಟ್ಟಣೆಗೆ ನಾನು ಹೊಸ ಏಣಿ ತರಲಾ ಹೇಗೆ?" ಎಂದ.

ಏಣಿ ತರಬೇಡ ಎಂದಿದ್ದೇನೆ. ನನ್ನ ತಪ್ಪೇನೆಂದು ಹೇಳಿ.

ರೋಂಡಾ

*

ಸಾಲ್ಟ್ ವೆಲ್ಸ್
ಜುಲೈ ೨, ೨೦೧೬

ರೋಂಡಾ,

ನಿನ್ನ ಕಾಗದವನ್ನು ಪಾರ್ಕಿನವರೆಲ್ಲ ಒಟ್ಟಿಗೆ ಉಣ್ಣುವ ಮೇಜಿನಲ್ಲಿ ಓದಿ ಹೇಳಿದೆ. ನೆಬ್ರಾಸ್ಕಾದ ಲೊವೆಲ್ ಎಂಬುವನೊಬ್ಬ ಇದ್ದಾನೆ ಇಲ್ಲಿ. ಅಡ್ಡಬಿಲ್ಲಿನಲ್ಲಿ, ಬಂದೂಕಿನ ಹಾಗೆ ಟ್ರಿಗರ್ ಎಳೆದು ಬಾಣ ಬಿಡುವವನು. ನಾನು, "ನನ್ನ ಅಕ್ಕನ ಮಗಳು ಐವತ್ತೆಂಟು ಪೌಂಡು ಸೆಳೀತಾಳೆ ಕಣೋ" ಎಂದೆ. "ಎಷ್ಟು ಎತ್ತರದ ಆಳು?" ಎಂದ. "ನಿನ್ನ ಭುಜಕ್ಕೆ ಬರ್ತಾಳೆ, ನಿನ್ನ ಭುಜ ಮುರೀತಾಳೆ" ಎಂದೆ. ಮೇಜೆಲ್ಲ ನಕ್ಕಿತು.

ಈಗ ನಿನ್ನ ಎಡ. ಅದು ಬಲಗೈಯ ಬೆರಳಿನ ತಪ್ಪು. ಹೆದೆಯನ್ನು ಬಿಡುವ ಬದಲು ಮೀಟುತ್ತಿದ್ದೀಯ. ಬೆರಳು ಸಡಿಲಿಸಿದರೆ ಸಾಕು, ಹೆದೆ ತಾನಾಗಿ ಹೋಗಬೇಕು. ಕೈ ಕೆನ್ನೆಯಿಂದ ಆಚೆ ಹಾರಬಾರದು. ಬಿಲ್ಲಿನ ಹಿಡಿಯನ್ನು ಗಟ್ಟಿ ಹಿಸುಕಬೇಡ. ಅದು ಹಕ್ಕಿ ಎಂದುಕೊ. ಹಾರಿಹೋಗಬಾರದು, ಸಾಯಲೂಬಾರದು.

ಆತುರಪಡಬೇಡ. ಚಕ್ರದ ಬಿಲ್ಲಿನವರು ಮಧ್ಯಾಹ್ನ ಕೊಂಡು ಸಂಜೆಗೆ ಗುರಿಕಾರರಾಗುತ್ತಾರೆ. ಅವರ ಬಿಲ್ಲಿನಲ್ಲಿ ಕಪ್ಪಿ, ತಂತಿ, ಗುರಿ ನೋಡುವ ಕಿಂಡಿ, ಕತ್ತಲಾದರೆ ಹೊತ್ತಿಕೊಳ್ಳುವ ದೀಪ ಎಲ್ಲ ಇರುತ್ತವೆ. ಕಾಫಿ ಮಾಡುವುದೊಂದು ಬಾಕಿ. ಮರದ ಬಿಲ್ಲಿನಲ್ಲಿ ಇರುವುದು ನೀನು ಮಾತ್ರ. ತಪ್ಪಿದರೆ ನೀನೇ ತಪ್ಪಿದ್ದು, ನಾಟಿದರೆ ನೀನೇ ನಾಟಿದ್ದು. ಆ ಹೆಮ್ಮೆ ಅಂಗಡಿಯಲ್ಲಿ ಸಿಗುವುದಿಲ್ಲ.

ಮಾಮ

*

ಲಾಹ್ತಿ ಬೇ
ಆಗಸ್ಟ್ ೧೪, ೨೦೧೬

ಪ್ರೀತಿಯ ಮಾಮ,

ಬೆರಳು ಸಡಿಲಿಸಿದೆ. ಹಿಡಿ ಸಡಿಲಿಸಿದೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಸಂಜೆ ಬಂದಮೇಲೆ, ಭಾನುವಾರ ಚರ್ಚಿನಿಂದ ಬಂದು ಬಟ್ಟೆ ಬದಲಿಸುವ ಮುಂಚೆಯೇ. ಅಮ್ಮನ ಕೈಯಲ್ಲಿ ಮಗ್ಗುಲಿಂದ ನೋಡಿಸಿದೆ. "ಕೈ ಅಲ್ಲಾಡ್ತಿಲ್ಲ, ಕೆನ್ನೇಲೇ ಇದೆ. ಕಲ್ಲಿನ ಬೊಂಬೆ ಹಾಗೆ ನಿಂತಿದೀಯ" ಎಂದಳು.

ಎಡಕ್ಕೇ. ಒಂದು ಗೇಣು ಎಡಕ್ಕೇ.

ತಟ್ಟೆಯಿಂದ ಬಲಕ್ಕೆ ಗುರಿ ಹಿಡಿದರೆ ಬಾಣ ತಟ್ಟೆಯಲ್ಲಿ ನಾಟುತ್ತದೆ, ಪ್ರಯತ್ನಿಸಿ ನೋಡಿದೆ. ಆದರೆ ಹತ್ತು ಗಜಕ್ಕೆ ಒಂದು ಲೆಕ್ಕ, ಇಪ್ಪತ್ತಕ್ಕೆ ಇನ್ನೊಂದು ಲೆಕ್ಕ. ಜೀವವಿರುವ ಪ್ರಾಣಿಯ ಮುಂದೆ ಬೇರೆಡೆ ನೋಡಿ ಬಾಣ ಬಿಡುವುದು ನನ್ನಿಂದಾಗದು. ನೀವೂ ಒಪ್ಪುವುದಿಲ್ಲ.

ಕೆಲವರ ಕೈಗೆ ಕೆಲವು ಕೆಲಸ ಹತ್ತುವುದಿಲ್ಲವೇನೋ. ಶಾಲೆಯಲ್ಲಿ ಪಿಯಾನೋ ಕೂಡ ನನಗೆ ಹತ್ತಲಿಲ್ಲ. ರೇ ತನ್ನ ಹಳೆಯ ಚಕ್ರದ ಬಿಲ್ಲನ್ನು ಕೊಡುತ್ತೇನೆ ಎಂದ. ಕುಹಕದಿಂದಲ್ಲ, ನಿಜವಾಗಿಯೇ ಹೇಳಿದ. "ತಗೊಳೇ, ಅಟ್ಟಣೆಗೆ ನೀನೇ ಹತ್ತು, ಮುಂದಿನ ವರ್ಷ ನೋಡೋಣ" ಎಂದ. ಯೋಚಿಸಿ ಹೇಳುತ್ತೇನೆ ಎಂದೆ. ನಿಮ್ಮ ನಿಯಮದಂತೆ ನಾನಿನ್ನೂ ಅರ್ಹಳಲ್ಲ. ಹೀಗೇ ಆದರೆ ಅಕ್ಟೋಬರ್ ಒಂದಕ್ಕೆ ನಾನು ಹತ್ತುವುದಿಲ್ಲ.

ರೋಂಡಾ

*

ಸಾಲ್ಟ್ ವೆಲ್ಸ್
ಆಗಸ್ಟ್ ೨೪, ೨೦೧೬

ರೋಂಡಾ,

ಚಕ್ರದ ಬಿಲ್ಲು ಮುಟ್ಟಬೇಡ.

ಇಲ್ಲಿ ಸೆಖೆ ವಿಪರೀತ. ಬೆಳಿಗ್ಗೆ ಬೇಗ ಎದ್ದು ಬೇಲಿಯಾಚೆ ನಡೆಯುತ್ತೇನೆ. ಕ್ವೇಲ್ ಹಕ್ಕಿಗಳು ಮರಿಗಳ ಸಾಲು ಕಟ್ಟಿಕೊಂಡು ಓಡುತ್ತವೆ. ಒಂದು ಕಯೋಟಿ ನರಿ ದಿನವೂ ನನ್ನನ್ನು ನೋಡಿ, ಇವನಿಂದ ಏನೂ ಆಗುವುದಿಲ್ಲ ಎಂಬಂತೆ ಮುಖ ತಿರುಗಿಸುತ್ತದೆ. ಇಲ್ಲಿನ ನೆಲದಲ್ಲಿ ಹೆಜ್ಜೆಗುರುತು ಓದುವುದು ಸುಲಭ. ನಮ್ಮಲ್ಲಿಯ ಹಾಗೆ ಒದ್ದೆ ಎಲೆ ಮಗುಚಿ ನೋಡಬೇಕಿಲ್ಲ. ಸುಲಭವಾದ್ದರಿಂದಲೇ ರುಚಿಯಿಲ್ಲ.

ಬೇಟೆಯೆಂದರೆ ಬಾಣ ಬಿಡುವುದು ಎಂದು ನೀನು ತಿಳಿದಂತಿದೆ. ಬಾಣ ಬಿಡುವುದು ಕೊನೆಯ ಉಸಿರಷ್ಟು ಹೊತ್ತು. ಉಳಿದದ್ದೆಲ್ಲ ಕೂರುವುದು. ಸರೋವರದ ಕಡೆಯಿಂದ ಗಾಳಿ ಬಂದರೆ ಹಳ್ಳದ ದಾರಿಯಲ್ಲಿ ಹತ್ತು, ಬೆಟ್ಟದಿಂದ ಬಂದರೆ ಅಂದು ಹೋಗಲೇಬೇಡ. ಅಳಿಲು ನಿನ್ನನ್ನು ಮರೆತಾಗ ನೀನು ಸರಿಯಾಗಿ ಕೂತಿದ್ದೀಯ ಎಂದರ್ಥ. ನಾಟಿದ ಮೇಲೆ ಫ್ಲಾಸ್ಕಿನ ಕಾಫಿ ಪೂರ್ತಿ ಮುಗಿಯುವವರೆಗೆ ಕೆಳಗಿಳಿಯಬೇಡ. ಬೆನ್ನಟ್ಟಿದರೆ ಸಾಯುತ್ತಿರುವ ಜಿಂಕೆಯೂ ಇನ್ನೊಂದು ಬೆಟ್ಟ ದಾಟುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ.

ನಿನ್ನ ಎಡದ ವಿಷಯಕ್ಕೆ ಹೊಸದಾಗಿ ಹೇಳುವುದೇನಿಲ್ಲ. ಅಭ್ಯಾಸ ಮಾಡು. ಬಾಣಗಳ ಮೇಲೆ ತಪ್ಪು ಹೊರಿಸಬೇಡ.

ಮಾಮ

*

ಲಾಹ್ತಿ ಬೇ
ಸೆಪ್ಟೆಂಬರ್ ೪, ೨೦೧೬
(ಇದನ್ನು ಅಂಚೆಗೆ ಹಾಕಲಿಲ್ಲ. ರೋಂಡಾ)

ಮಾಮ,

ಬಾಣಗಳ ವಿಷಯ ನಾನು ಎತ್ತಿರಲೇ ಇಲ್ಲ.

ಎತ್ತಿದವನು ರೇ. ನಿಮಗೆ ಬರೆಯಲಿಲ್ಲ, ನೀವು ನೊಂದುಕೊಳ್ಳುತ್ತೀರೆಂದು. ಅವನು ಒಂದು ಸಂಜೆ ನನ್ನ ಬಾಣಗಳನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತ ಹೇಳಿದ, "ಬಿಲ್ಲಿನ ಪಕ್ಕ ದಾಟೋವಾಗ ಬಾಣ ಸ್ವಲ್ಪ ಬಳುಕಬೇಕು ಕಣೆ. ಬಿಲ್ಲಿನ ಬಲಕ್ಕಿಂತ ಬಾಣ ಗಡಸಾದ್ರೆ ಬಳುಕಲ್ಲ, ಸೀದಾ ಎಡಕ್ಕೆ ಹೊಡೆಯುತ್ತೆ. ಬೇರೆ ಯಾರ ಬಿಲ್ಲಾದ್ರೂ ಆಗಿದ್ರೆ, ಇದರ ಮೇಲೆ ಬರೆದಿರೋ ಅಂಕೆ ಸುಳ್ಳು ಅಂತಿದ್ದೆ. ಆರ್ವಿಡ್ ಮಾಮಂದು ಅಂದ್ಮೇಲೆ ಆ ಮಾತೇ ಇಲ್ಲ."

ಆ ಮಾತೇ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ನಿಮ್ಮ ಕಾಗದದ ಕೊನೆಯ ಸಾಲು ಓದುವವರೆಗೆ.

ಇವತ್ತು ಸೌನಾದ ಹೊರಕೋಣೆಯಲ್ಲಿ ಜಿಂಕೆ ತೂಗುವ ತಕ್ಕಡಿಯನ್ನು ತೊಲೆಗೆ ಸಿಕ್ಕಿಸಿ, ಕೊಕ್ಕೆಗೆ ಹೆದೆ ಕೊಟ್ಟು, ಬಿಲ್ಲನ್ನು ಕೆಳಗೆ ಜಗ್ಗಿದೆ. ಪೂರ್ತಿ ಸೆಳೆತಕ್ಕೆ ಮುಳ್ಳು ನಲವತ್ತೊಂದರಲ್ಲಿ ನಿಂತಿತು. ತಕ್ಕಡಿ ಕೆಟ್ಟಿದೆಯೆಂದು ಸಕ್ಕರೆ ಚೀಲ ತೂಗಿ ನೋಡಿದೆ. ತಕ್ಕಡಿ ಸರಿಯಿದೆ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅದನ್ನೇನು ತೂಗ್ತೀಯ, ನನ್ನ ಕೇಳಿದ್ರೆ ಹೇಳ್ತಿದ್ದೆ" ಎಂದಳು. "ಆರ್ವಿಡನಿಗೆ ಭುಜ ಹಿಡಿದುಕೊಂಡಾಗಿನಿಂದ ಪ್ರತಿ ಚಳಿಗಾಲ ಇಲ್ಲೇ ಕೂತು ಗಾಜಿನ ಚೂರಲ್ಲಿ ಬಿಲ್ಲಿನ ಒಳಮೈ ಕೆರೀತಿದ್ದ. ಹೊಟ್ಟು ಗುಡಿಸಿದೋಳು ನಾನು. ಏನೋ ಅದು ಅಂದ್ರೆ, ಹೊಳಪು ಕೊಡ್ತಿದೀನಿ ಅಂತಿದ್ದ. ಹೊಳಪಂತೆ! ಇನ್ನೆರಡು ವರ್ಷ ಹೊಳಪು ಕೊಟ್ಟಿದ್ರೆ ಹಲ್ಲುಕಡ್ಡಿ ಆಗ್ತಿತ್ತು."

"ಮತ್ತೆ ಐವತ್ತೆಂಟು ಅಂತ ಯಾಕೆ ಬಿಟ್ರು?"

"ಅವನ ಹೆಸರು ಅಳಿಸ್ಕೊಂಡ್ರೂ ಆ ಅಂಕೆ ಅಳಿಸ್ತಾನೇನೆ?"

ಮರ ಕೆರೆದಷ್ಟೂ ಬಿಲ್ಲಿನ ಬಲ ಇಳಿಯುತ್ತದೆ. ನೀವು ಭುಜಕ್ಕೆ ತಕ್ಕಂತೆ ಬಿಲ್ಲನ್ನು ಇಳಿಸಿಕೊಂಡಿರಿ, ಬಿಲ್ಲಿಗೆ ತಕ್ಕಂತೆ ನಿಮ್ಮ ಬಾಣಗಳನ್ನು ಮೆತ್ತಗೆ ಮಾಡಿಕೊಂಡಿರಿ, ಯಾರಿಗೂ ಹೇಳಲಿಲ್ಲ. ಆಮೇಲೆ ಐವತ್ತೆಂಟರ ಬಾಣ ಕೊಳ್ಳೆಂದು ನನಗೆ ಬರೆದಿರಿ. ನಾನು ಬೇಸಿಗೆಯಿಡೀ ನನ್ನ ಬೆರಳುಗಳನ್ನು ದೂರಿದೆ.

ಕೋಪ ಬಂತು. ಒಲೆಯ ಮುಂದೆ ಕೂತು ಎರಡು ಪುಟ ಕೋಪ ಬರೆದೆ, ಅದನ್ನು ಒಲೆಗೇ ಹಾಕಿದೆ. ಯಾಕೆಂದರೆ ಬರೆಯುತ್ತ ಬರೆಯುತ್ತ ನನ್ನ ತೋಳು ನೆನಪಾಯಿತು. ಲಾರಿ ಚಾಲಕರ ಮುಂದೆ ಮಡಚಿ ತೋರಿಸಿದ ತೋಳು. ನಿಮ್ಮ ಅಂಕೆಯ ಮೇಲೆ ನಾನೂ ನನ್ನ ಹೆಮ್ಮೆಯದೊಂದು ಮಹಡಿ ಕಟ್ಟಿಕೊಂಡಿದ್ದೇನೆ. ತಕ್ಕಡಿಯ ಮುಳ್ಳು ನಿಂತಾಗ ಮೊದಲು ಚುಚ್ಚಿದ್ದು ಅದಕ್ಕೇ, ನಿಮಗಲ್ಲ. ಹಾಗಿರುವಾಗ ನಿಮ್ಮನ್ನು ಯಾವ ಬಾಯಿಂದ ಕೇಳಲಿ?

ಇನ್ನೊಂದು ಯೋಚನೆ ಬಂತು. ನೀವು ಕೊನೆಯ ವರ್ಷಗಳಲ್ಲಿ ತಂದ ಜಿಂಕೆಗಳೆಲ್ಲ ಈ ನಲವತ್ತೊಂದರಿಂದ ಬಿದ್ದವು. ಬಲ ಕಡಿಮೆಯಾದಷ್ಟೂ ಅವು ಇನ್ನಷ್ಟು ಹತ್ತಿರ ಬರುವವರೆಗೆ ನೀವು ಕಾದಿರಬೇಕು, ಇನ್ನಷ್ಟು ಅಲ್ಲಾಡದೆ ಕೂತಿರಬೇಕು. ಇದರಲ್ಲಿ ಮುಚ್ಚಿಡುವಂಥದ್ದೇನಿದೆ? ನಾನಾದರೆ ಊರಿಗೆಲ್ಲ ಸಾರುತ್ತಿದ್ದೆ. ಸಾರುತ್ತಿದ್ದೆನೇ? ಗೊತ್ತಿಲ್ಲ.

ರೇ ಅಂಗಡಿಗೆ ಹೋಗಿ ನಲವತ್ತೊಂದರ ಬಾಣ ಕೊಡು ಎಂದರೆ ನನ್ನ ಕಷ್ಟ ಇವತ್ತೇ ತೀರುತ್ತದೆ. ಸಂಜೆಯೊಳಗೆ ಊರಿಗೆಲ್ಲ ನಿಮ್ಮ ವಿಷಯ ಗೊತ್ತಾಗುತ್ತದೆ. ಬೇಡ. ಅಟ್ಟಣೆ ಹೋದರೂ ಬೇಡ.

*

ಲಾಹ್ತಿ ಬೇ
ಸೆಪ್ಟೆಂಬರ್ ೭, ೨೦೧೬

ಪ್ರೀತಿಯ ಮಾಮ,

ಇಲ್ಲಿ ಬಾತುಕೋಳಿಗಳು ದಕ್ಷಿಣಕ್ಕೆ ಹೊರಟಿವೆ. ದಿಣ್ಣೆಯ ಓಕ್ ಮರಗಳಿಗೆ ಈ ವರ್ಷ ಕಾಯಿ ಭರ್ತಿ. ನೆಲದಲ್ಲಿ ಕಾಲಿಟ್ಟರೆ ಗೋಲಿಯ ಮೇಲೆ ನಡೆದಂತಾಗುತ್ತದೆ. ಜಿಂಕೆಗಳು ಬೆಳಗಾಗುವ ಹೊತ್ತಿಗೆ ಅಲ್ಲಿರುತ್ತವೆ.

ಅಭ್ಯಾಸ ಬಿಟ್ಟಿಲ್ಲ. ಇನ್ನೂ ಎಡಕ್ಕೇ.

ನಿಮ್ಮ ಬಾಣಗಳ ಬಗ್ಗೆ ಒಂದು ಯೋಚನೆ ಬಂತು. ಅಲ್ಲಿನದು ಒಣ ಹವೆ. ಸೀಡರ್ ಮರಕ್ಕೆ ಅಂಥ ಹವೆ ಆಗಿಬರುತ್ತದೆಯೇ? ಸೀಳುಬಿಟ್ಟರೆ ನಿಮ್ಮ ಅಷ್ಟು ವರ್ಷದ ಕೆಲಸ ಹಾಳಾಗುತ್ತದಲ್ಲ. ಇಲ್ಲಿಯ ತಂಪಿನಲ್ಲಿದ್ದರೆ ಒಳ್ಳೆಯದಿತ್ತೇನೋ. ನನಗೆ ಇದರಲ್ಲಿ ಹೆಚ್ಚು ತಿಳಿಯದು, ಸುಮ್ಮನೆ ಕೇಳಿದೆ.

ಅಮ್ಮ ನಿಸು ಬ್ರೆಡ್ ಮಾಡಿದ್ದಾಳೆ. ಏಲಕ್ಕಿ ಹೆಚ್ಚಾಗಿದೆ ಎಂದು ಹೇಳಿ ಬೈಸಿಕೊಂಡೆ.

ರೋಂಡಾ

*

ಸಾಲ್ಟ್ ವೆಲ್ಸ್
ಸೆಪ್ಟೆಂಬರ್ ೧೩, ೨೦೧೬

ರೋಂಡಾ,

ನಿನ್ನ ಪ್ರಶ್ನೆಯಲ್ಲಿ ಹುರುಳಿದೆ. ಎರಡು ದಿನ ಬಾಣಗಳನ್ನು ನೋಡುತ್ತ ಮಲಗಿದ್ದೆ. ಸೀಳು ಇನ್ನೂ ಬಿಟ್ಟಿಲ್ಲ, ಆದರೆ ಬಿಡುವ ಲಕ್ಷಣವಿದೆ. ಇಲ್ಲಿಯ ಗಾಳಿ ಮನುಷ್ಯರನ್ನೇ ಒಣಗಿಸಿ ಇಡುತ್ತದೆ, ಇನ್ನು ಮರದ ಕಡ್ಡಿಯೆಷ್ಟರದು. ಲೊವೆಲ್ ಕೂಡ ಹೌದೆಂದ. ಅವನಿಗೆ ಬಾಣದ ಬಗ್ಗೆ ಏನೂ ತಿಳಿಯದು, ಆದರೂ ಹೌದೆಂದ.

ಆದ್ದರಿಂದ ಎಲ್ಲವನ್ನೂ ಈ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇನೆ. ಉಕ್ಕಿನ ಅಲಗುಗಳನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ಕೈ ಜೋಪಾನ, ಕೂದಲು ಬೋಳಿಸುವಷ್ಟು ಹರಿತವಿವೆ. ಗರಿಗಳು ನಾನೇ ಬೇಟೆಯಾಡಿದ ಕಾಡು ಟರ್ಕಿಯವು. ಸೌನಾದ ಹೊರಕೋಣೆಯಲ್ಲಿ ಒಲೆಯಿಂದ ದೂರ ತೂಗುಹಾಕು.

ತೂಗುಹಾಕುವ ಮುಂಚೆ ಒಂದೆರಡು ಬಿಟ್ಟು ನೋಡಿದರೆ ನನ್ನ ಅಭ್ಯಂತರವಿಲ್ಲ. ಹಳೆಯ ಬಾಣಕ್ಕೆ ಬಿಲ್ಲಿನ ಪರಿಚಯವಿರುತ್ತದೆ.

ಗೋಡೆ ಬರಿದಾಗಿದೆ. ಆಫೀಸಿನ ಹುಡುಗಿ ಒಂದು ಕ್ಯಾಲೆಂಡರ್ ತಂದು ನೇತುಹಾಕಿದ್ದಾಳೆ. ಅದರಲ್ಲಿ ಬೆಕ್ಕುಗಳ ಚಿತ್ರ.

ಮಾಮ

*

ಲಾಹ್ತಿ ಬೇ
ಅಕ್ಟೋಬರ್ ೮, ೨೦೧೬

ಪ್ರೀತಿಯ ಮಾಮ,

ಅಮ್ಮ ಈಗಷ್ಟೇ ನಿಮ್ಮ ಆಫೀಸಿಗೆ ಫೋನ್ ಮಾಡಿ ಕೂಗಿದ್ದಾಳೆ, ಆದ್ದರಿಂದ ಸುದ್ದಿ ನಿಮಗೆ ಆಗಲೇ ಸಿಕ್ಕಿದೆ. ಆದರೂ ಮೊದಲಿನಿಂದ ಹೇಳುತ್ತೇನೆ, ನನ್ನ ಸುಖಕ್ಕೆ.

ನಿಮ್ಮ ಬಾಣಗಳು ಬಂದ ದಿನ ಕೋಟು ಕಳಚದೆಯೇ ಹಿತ್ತಲಿಗೆ ಓಡಿದೆ. ಮೊದಲನೆಯದು ತಟ್ಟೆಯ ನಡುವೆ ನಾಟಿತು. ಎರಡನೆಯದು ಅದರ ಪಕ್ಕ. ಆರನೆಯದನ್ನು ಬಿಡುವಾಗ ನನ್ನ ಕಣ್ಣು ತುಂಬಿ ತಟ್ಟೆಯೇ ಕಾಣುತ್ತಿರಲಿಲ್ಲ, ಆದರೂ ಅದು ಹೋಗಬೇಕಾದಲ್ಲಿಗೆ ಹೋಯಿತು. ಅಮ್ಮ ಚಪ್ಪಾಳೆ ತಟ್ಟಲಿಲ್ಲ. "ಅಂತೂ ಹವೆ ಬದಲಾಯ್ತು" ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಸೆಪ್ಟೆಂಬರ್ ಕೊನೆಯಲ್ಲಿ ರೇಯನ್ನು ಕರೆದು ಅವನೆದುರು ಮತ್ತೆ ಆರನ್ನೂ ನಾಟಿಸಿದೆ. ಅವನು ತಟ್ಟೆಯ ಹತ್ತಿರ ಹೋಗಿ, ತಲೆ ಕೆರೆದುಕೊಂಡು, "ಎಡಕ್ಕೆ ಹೋಗ್ತಿದ್ದ ಬಾಣಗಳನ್ನ ಏನ್ ಮಾಡ್ದೆ?" ಎಂದ. "ಸರೋವರದ ಗಾಳಿ ಕಣೋ, ತಿರುಗ್ತು" ಎಂದೆ. ಏಣಿ ಕೊಂಡಿದ್ದನಂತೆ, ವಾಪಸ್ ಕೊಟ್ಟು ಬರುತ್ತೇನೆ ಎಂದ.

ಮೊದಲ ದಿನವೇ ಹತ್ತಿದೆ. ಆ ಇಡೀ ವಾರ ಬೆಳಗಿನ ಜಾವ ಕೂತು ನಂತರ ಆಫೀಸಿಗೆ ಹೋಗುತ್ತಿದ್ದೆ. ಒಂದು ಮರಿಗೊಂಬಿನ ಗಂಡು ಜಿಂಕೆ ಬಂತು. ತೀರ ಎಳೆಯದು, ಬಿಟ್ಟೆ. ದೂರದಲ್ಲಿ ಎರಡು ಹೆಣ್ಣು ಬಂದವು. ನಿಮ್ಮ ಬಿಲ್ಲಿಗೆ ದೂರ, ಬಿಟ್ಟೆ. ಬಿಡುವುದರಲ್ಲೂ ಒಂದು ಸಮಾಧಾನವಿದೆ ಎಂದು ನನಗೆ ಗೊತ್ತಿರಲಿಲ್ಲ. ಅಳಿಲೊಂದು ನನ್ನ ಬೂಟಿನ ಮೇಲೆ ಓಕ್ ಕಾಯಿ ಸುಲಿದು ಸಿಪ್ಪೆ ಬಿಟ್ಟು ಹೋಯಿತು.

ಇವತ್ತು ಗಾಳಿ ಸರೋವರದ ಕಡೆಯಿಂದಿತ್ತು. ಹಳ್ಳದ ದಾರಿಯಲ್ಲಿ ಹೋದೆ. ಬೆಳಕು ಹರಿದ ಮೇಲೆ ಒಂದು ಹೆಣ್ಣು ಜಿಂಕೆ ಒಂಟಿಯಾಗಿ ಬಂತು. ಮರಿಯಿಲ್ಲದ್ದು, ದಪ್ಪ ಬೆನ್ನಿನದು. ಕಾಯಿ ತಿನ್ನುತ್ತ ತಿನ್ನುತ್ತ ಎಷ್ಟು ಹತ್ತಿರ ಬಂತೆಂದರೆ ಅದು ಅಗಿಯುವ ಸದ್ದು ಕೇಳಿಸುತ್ತಿತ್ತು. ಅದರ ತಲೆ ಮರದ ಹಿಂದೆ ಹೋದಾಗ ಸೆಳೆದೆ. ಸೆಳೆದದ್ದು ನನಗೆ ನೆನಪಿಲ್ಲ, ಬಿಟ್ಟದ್ದೂ ನೆನಪಿಲ್ಲ. ನೆನಪಿರುವುದು ಮುಂಗಾಲಿನ ಹಿಂದೆ ಪಕ್ಕೆಯ ಮೇಲಿನ ಒಂದು ಕೂದಲ ಸುಳಿ. ಅದನ್ನೇ ನೋಡುತ್ತಿದ್ದೆ.

ಹಿಂಗಾಲು ಝಾಡಿಸಿ ಓಡಿತು. ಎಲೆ ಸರಸರ ಎಂದಿತು, ಆಮೇಲೆ ನಿಶ್ಶಬ್ದ. ಕಾಫಿ ಕುಡಿದೆ. ಅರ್ಧ ತೊಡೆಯ ಮೇಲೆ ಚೆಲ್ಲಿಕೊಂಡೆ, ಆದರೂ ಫ್ಲಾಸ್ಕು ಖಾಲಿಯಾಗುವವರೆಗೆ ಇಳಿಯಲಿಲ್ಲ. ಇಷ್ಟು ಕಷ್ಟದ ಕೆಲಸ ನಾನು ಜೀವನದಲ್ಲಿ ಮಾಡಿಲ್ಲ. ಹಿಂಬಾಲಿಸಿ ಹೋದಾಗ ಅದು ಹಳ್ಳದಂಚಿನ ಜರೀಗಿಡಗಳಲ್ಲಿ, ಮಲಗಿ ನಿದ್ದೆಹೋದ ಹಾಗೆ, ಬಿದ್ದಿತ್ತು. ಬಾಣ ಮೈತೂರಿ ಆಚೆ ಹೋಗಿತ್ತು. ಪಕ್ಕದಲ್ಲಿ ಕೂತೆ. ಅತ್ತೆನೋ ಇಲ್ಲವೋ ನಿಮಗೆ ಹೇಳುವುದಿಲ್ಲ. ಕೊಂದದ್ದಕ್ಕೆ ದುಃಖವೂ, ಚೆನ್ನಾಗಿ ಕೊಂದದ್ದಕ್ಕೆ ಹೆಮ್ಮೆಯೂ ಒಟ್ಟಿಗೇ ಇರಬಹುದೇ ಎಂದು ಕೇಳಿಕೊಂಡೆ. ಎರಡೂ ಇದ್ದವು, ಒಂದನ್ನೊಂದು ತಳ್ಳದೆ.

ಎಳೆದು ತರಲು ರೇ ಬಂದ. ಅವನ ಅಂಗಡಿಯಂಗಳದ ಕಂಬಕ್ಕೆ ತೂಗುಹಾಕಿದಾಗ ಜನ ಸೇರಿದರು. ನಮ್ಮ ಲಾರಿ ಚಾಲಕರೂ ಇದ್ದರು. ರೇ ಎಲ್ಲರೆದುರು ಕೇಳಿದ, "ಈ ಬಿಲ್ಲು ಸೆಳೀಬೇಕಾದ್ರೆ ಎಷ್ಟು ಪೌಂಡು ಬೇಕು ಅಂದೆ?"

ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು, "ಐವತ್ತೆಂಟು. ಮೇಲೇ ಬರೆದಿದೆಯಲ್ಲ, ಓದೋಕ್ ಬರಲ್ವಾ?" ಎಂದೆ. ಅಮ್ಮ ಜೋರಾಗಿ ಕೆಮ್ಮಿದಳು.

ಗುಂಡಿಗೆಯನ್ನು ಬೆಣ್ಣೆಯಲ್ಲಿ ಹುರಿದು ಈಗಷ್ಟೇ ತಿಂದೆವು. ನಿಮ್ಮ ಕುರ್ಚಿಯ ಮುಂದೆಯೂ ಒಂದು ತಟ್ಟೆ ಇಟ್ಟಿದ್ದೆವು. ಅದನ್ನೂ ಅಮ್ಮನೇ ತಿಂದಳು.

ರೋಂಡಾ

*

ಸಾಲ್ಟ್ ವೆಲ್ಸ್
ಅಕ್ಟೋಬರ್ ೮, ೨೦೧೬

ರೋಂಡಾ,

ನಿನ್ನ ಕಾಗದಕ್ಕೆ ಕಾಯದೆ ಇವತ್ತೇ ಬರೆಯುತ್ತಿದ್ದೇನೆ. ಆಫೀಸಿನ ಹುಡುಗಿ ಬಿಸಿಲಲ್ಲಿ ಓಡಿಕೊಂಡು ಬಂದಳು. ನಾನು ಯಾರೋ ಸತ್ತರೆಂದುಕೊಂಡೆ. "ತಾತಾ, ನಿಮ್ಮಕ್ಕ ಹೇಳಿದ್ರು, ರೋಂಡಾ, ಹೆಣ್ಣು ಜಿಂ‌ಕೆ, ನಿಮ್ಮ ಬಿಲ್ಲು, ಒಂದೇ ಬಾಣ" ಎಂದು ಏದುಸಿರಲ್ಲಿ ಒಪ್ಪಿಸಿದಳು. ಮತ್ತೊಮ್ಮೆ ಹೇಳೆಂದೆ. ಮೂರನೇ ಸಲ ಹೇಳಿಸಿದಾಗ ಅವಳಿಗೆ ನನ್ನ ಕಿವಿಯ ದೋಷವಲ್ಲವೆಂದು ಗೊತ್ತಾಗಿ ನಗತೊಡಗಿದಳು.

ಮಧ್ಯಾಹ್ನದ ಊಟಕ್ಕೆ ಕೂಡುವ ಮುಂಚೆ ಎದ್ದು ನಿಂತು ಎಲ್ಲರಿಗೂ ಹೇಳಿದೆ. ಚಪ್ಪಾಳೆಯಾಯಿತು. ಲೊವೆಲ್ ಎಂದಿನ ಹಾಗೆ, "ಐವತ್ತೆಂಟು ಪೌಂಡು ಅಂದ್ಮೇಲೆ ಕಲ್ಲು ಕೂಡ ಒಡೆಯುತ್ತೆ ಬಿಡಯ್ಯ, ಇದರಲ್ಲೇನಿದೆ?" ಎಂದ.

ಅದು ನನಗೆ ಸಹಿಸಲಾಗಲಿಲ್ಲ. ನೀನು ಮಾಡಿದ್ದನ್ನು ಅವನು ನನ್ನ ಅಂಕೆಯ ಲೆಕ್ಕಕ್ಕೆ ಬರೆದುಬಿಟ್ಟ.

"ಐವತ್ತೆಂಟಲ್ಲ" ಎಂದೆ. "ನಲವತ್ತೆರಡು." ಮೇಜಿನ ಸುತ್ತ ಎಲ್ಲರೂ ನನ್ನತ್ತ ತಿರುಗಿದರು. "ಸರಿ, ನಲವತ್ತೊಂದು" ಎಂದೆ.

"ನಲವತ್ತೊಂದಾ? ಅದು ಹೆಂಗಸರ ಬಿಲ್ಲಲ್ವೇನೋ?"

"ಹೌದಯ್ಯ, ಹೆಂಗಸಿಂದೇ. ಹೆಸರು ರೋಂಡಾ. ಬರಕೋ."

ಅಷ್ಟಕ್ಕೇ ಬಿಡಲಿಲ್ಲ ನಾನು. ನಲವತ್ತೊಂದರಲ್ಲಿ ಜಿಂಕೆ ಬೀಳಿಸಬೇಕಾದರೆ ಎಷ್ಟು ಹತ್ತಿರ ಬರಗೊಡಬೇಕು, ಎಷ್ಟು ಅಲ್ಲಾಡದೆ ಕೂರಬೇಕು, ಬಾಣ ಎಲ್ಲಿ ಹೊಗಬೇಕು ಎಂದು ಸೂಪು ಆರಿಹೋಗುವವರೆಗೆ ಹೇಳಿದೆ. ಹೇಳುತ್ತಿದ್ದ ಹಾಗೆ ಅದು ನಾನೇ ಹತ್ತು ವರ್ಷ ಮಾಡಿದ ಕೆಲಸವೆಂಬುದು ನನಗೇ ಹೊಳೆಯಿತು. ಅಲ್ಲಿಯವರೆಗೆ ಅದನ್ನು ಬೇಟೆಯೆಂದು ಎಣಿಸಿಯೇ ಇರಲಿಲ್ಲ, ಮುದುಕನ ಸವಲತ್ತು ಎಂದುಕೊಂಡಿದ್ದೆ.

ನಿನಗೆ ಬೇಸಿಗೆಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನ ಬೆರಳುಗಳಲ್ಲಿ ಏನೂ ತಪ್ಪಿರಲಿಲ್ಲ.

ನಾಳೆಯೇ ಕುಳಿತು ಒಂದು ಗಾಜಿನ ಚೂರಿನಿಂದ ಆ ಅಂಕೆಯನ್ನು ಕೆರೆದುಹಾಕು. ನಿಜವಾದ ಅಂಕೆಯನ್ನು ನಿನ್ನ ಕೈಯಾರೆ ಬರೆ, ದೊಡ್ಡದಾಗಿ. ಬಿಲ್ಲು ಇನ್ನು ನಿನ್ನದು. ರೇ ಎಲ್ಲರೆದುರು ಕೇಳೇ ಕೇಳುತ್ತಾನೆ, ನನಗೆ ಅವನು ಗೊತ್ತು. ಅವನ ಮುಂದೆ ಐವತ್ತೆಂಟು ಎಂದು ಮಾತ್ರ ಹೇಳಿಬಿಡಬೇಡ. ನನ್ನ ಮುಖ ನೋಡಿ ನೀನು ಸುಳ್ಳು ಹೇಳಬೇಕಾದ ಅಗತ್ಯವಿಲ್ಲ. ನಲವತ್ತೊಂದು ಎನ್ನು. ತಲೆಯೆತ್ತಿ ಎನ್ನು.

ಮಾಮ